ಟ್ರಂಕಿನೊಳಗೆ ಒಂದು ದೇಶಭಂಗ

ದಾವಣಗೆರೆ ಕಡೆಯ ಭಾನುವಳ್ಳಿಯಂಥ ಊರಿನ ಹಳೆಯ ಮನೆಯ ಅಟ್ಟ ಹತ್ತಿದರೆ ತಗಡಿನ ಟ್ರಂಕು ಕಾಣದೆ ಇರುವುದು ಅಪರೂಪ. ಮದುವೆಯ ಸೀರೆ, ಹೊಲದ ಕಾಗದಪತ್ರ, ತೀರಿಕೊಂಡವರ ಫೋಟೊ ಎಲ್ಲವೂ ಅದರೊಳಗೆ. ಅಂಥ ಹನ್ನೆರಡು ಟ್ರಂಕುಗಳನ್ನು ಕಲಾವಿದೆ ನಳಿನಿ ಮಲಾನಿ ನೆಲದ ಮೇಲೆ ಇಟ್ಟು, ಒಂದೊಂದರೊಳಗೂ ಒಂದು ಟಿ.ವಿ. ಮಾನಿಟರ್ ಕೂರಿಸಿದರು. 1998ರ ಆ ಕೃತಿಯ ಹೆಸರು ‘ರಿಮೆಂಬರಿಂಗ್ ಟೋಬಾ ಟೇಕ್ ಸಿಂಗ್’.

ಮಲಾನಿ ಹುಟ್ಟಿದ್ದು 1946ರಲ್ಲಿ, ಕರಾಚಿಯಲ್ಲಿ. ಮರುವರ್ಷವೇ ದೇಶ ಒಡೆಯಿತು. ಕುಟುಂಬ ಊರು ಬಿಟ್ಟು ಕಲ್ಕತ್ತಕ್ಕೆ ಬಂತು, ಮುಂದೆ ಬೊಂಬಾಯಿಗೆ. ಒಂದು ವರ್ಷದ ಕೂಸಿಗೆ ಏನು ನೆನಪಿದ್ದೀತು? ಆದರೂ ಆ ಪೆಟ್ಟು ಅವರನ್ನು ಬಿಡಲಿಲ್ಲ. ಕಣ್ಣಾರೆ ಕಂಡಿದ್ದಕ್ಕಿಂತ ಮನೆಯವರ ಮಾತಿನಿಂದ, ಮಾತು ತಡವರಿಸಿ ನಿಂತ ಕಡೆಗಳಿಂದ ಮಕ್ಕಳಿಗೆ ದಾಟುವ ನೋವು ಇನ್ನೂ ಆಳವಾದದ್ದು ಎಂದೇ ನನಗನ್ನಿಸುತ್ತದೆ.

ಕ್ಯಾಮೆರಾ ಅವರ ಕೈಗೆ ಬಂದದ್ದು 1969ರಲ್ಲಿ, ಅಕ್ಬರ್ ಪದಮ್ಸಿ ಬೊಂಬಾಯಿಯಲ್ಲಿ ಶುರುಮಾಡಿದ ಕಾರ್ಯಾಗಾರದಲ್ಲಿ. ಆಮೇಲೆ ಬಹುಕಾಲ ಚಿತ್ರಕಲೆಯದೇ ಮೇಲುಗೈ. 1998ರ ಮೇ ತಿಂಗಳಲ್ಲಿ ಪೋಖ್ರಾನ್‌ನಲ್ಲಿ ಅಣುಬಾಂಬ್ ಪರೀಕ್ಷೆ ನಡೆಯಿತು. ತಿಂಗಳು ಮುಗಿಯುವುದರೊಳಗೆ ಪಾಕಿಸ್ತಾನವೂ ಚಾಗೈಯಲ್ಲಿ ಸಿಡಿಸಿತು. ಹುಟ್ಟಿದ ಊರು ಒಂದು ಕಡೆ, ಬೆಳೆದ ಊರು ಇನ್ನೊಂದು ಕಡೆ; ಎರಡರ ಕೈಯಲ್ಲೂ ಬಾಂಬು. ಆಗ ಅವರು ಹಿಡಿದದ್ದು ಸಾದತ್ ಹಸನ್ ಮಂಟೊ ಬರೆದ ‘ಟೋಬಾ ಟೇಕ್ ಸಿಂಗ್’ ಕಥೆಯನ್ನು. ಹುಚ್ಚಾಸ್ಪತ್ರೆಯ ರೋಗಿಗಳನ್ನೂ ಎರಡು ದೇಶಗಳು ಹಂಚಿಕೊಳ್ಳುವಾಗ, ಯಾವ ದೇಶಕ್ಕೂ ಸೇರದ ನೆಲದ ಮೇಲೆ ಕುಸಿದುಬೀಳುವ ಬಿಷನ್ ಸಿಂಗನ ಕಥೆ ಅದು.

ಮಲಾನಿಯವರ ಕೃತಿಯಿರುವ ಕೋಣೆಯ ಎದುರುಬದುರು ಗೋಡೆಗಳಲ್ಲಿ ಇಬ್ಬರು ಹೆಂಗಸರು ಒಂದೇ ಸೀರೆ ಮಡಚಲು ಹೆಣಗುತ್ತಾರೆ. ನಡುವೆ ಬಾಂಬಿನ ದೃಶ್ಯಗಳು, ಕೆಳಗೆ ಟ್ರಂಕುಗಳು. ಸೀರೆಯ ಎರಡು ತುದಿ ಹಿಡಿದು ಇಬ್ಬರು ಮಡಚುವುದು ನಮ್ಮ ಮನೆಗಳಲ್ಲಿ ದಿನನಿತ್ಯದ ಕೆಲಸ. ಅದು ಕೂಡದೇ ಹೋಗುವುದನ್ನು ತೋರಿಸಿದ್ದರಲ್ಲೇ ಈ ಕೃತಿಯ ಬಲವಿದೆ. ಹೆಣಗಳ ಚಿತ್ರ ಇಷ್ಟು ನಾಟುತ್ತಿರಲಿಲ್ಲ. ಬಣ್ಣದ ಚಿತ್ರ ಒಂದು ಗಳಿಗೆಯಲ್ಲಿ ನಿಂತುಬಿಡುತ್ತದೆ. ವಿಡಿಯೊ ಮುಗಿದು ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಎಳವೆಯ ಗಾಯವೂ ಹಾಗೆಯೇ ಮರಳಿ ಮರಳಿ ಬರುತ್ತದೆ.

ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಕೂಡ 2004ರಲ್ಲಿ ‘ರಾಷ್ಟ್ರೀಯ ಖೀರ್ ಮತ್ತು ದೇಸೀಯ ಸಲಾಡ್’ ಎಂಬ ವಿಡಿಯೊ ಮಾಡಿದರು. ಆಧಾರ, ಮನೆಯ ಹಿರಿಯ ಹೆಂಗಸರು ಬರೆದಿಟ್ಟ ಅಡುಗೆ ಪುಸ್ತಕಗಳು. ಅಲ್ಲಿ ನೋವಿಗಿಂತ ಹೊಸ ದೇಶದ ಕನಸು ಹೆಚ್ಚು. ಎರಡೂ ಕೃತಿಗಳು ಹುಟ್ಟಿದ್ದು ಮಾತ್ರ ಮನೆಯ ಸಾಮಾನಿನಿಂದಲೇ.

ದಾವಣಗೆರೆಯಲ್ಲಿ ದೃಶ್ಯಕಲಾ ಮಹಾವಿದ್ಯಾಲಯವಿದೆ, ಎಲ್ಲರ ಕೈಯಲ್ಲೂ ಕ್ಯಾಮೆರಾ ಫೋನಿದೆ. ಅಲ್ಲಿನ ಮಕ್ಕಳು ತಮ್ಮ ಅಜ್ಜಿಯರನ್ನು ಕೂರಿಸಿ, ಅಟ್ಟದ ಟ್ರಂಕು ಇಳಿಸಿ ಮುಚ್ಚಳ ತೆಗೆಯಲಿ. ಅಜ್ಜಿ ಸುಮ್ಮನಾದಾಗಲೂ ಕ್ಯಾಮೆರಾ ಆರಿಸದಿರಲಿ.