ಸಮೀಪದ ಊರಿಗೆ ವಿಮಾನವೋ, ರೈಲೋ?

ದೆಹಲಿಯಿಂದ ಚಂಡೀಗಢಕ್ಕೆ ರೈಲುದಾರಿ ಸುಮಾರು 250 ಕಿಲೋಮೀಟರು. ವಿಮಾನವು ಒಂದು ಘಂಟೆಯೊಳಗೆ ಅಲ್ಲಿಗೆ ಹಾರುತ್ತದೆ. ಶತಾಬ್ದಿ ಎಕ್ಸ್‌ಪ್ರೆಸ್ಸಿಗೆ ಸುಮಾರು ಮೂರೂವರೆ ಘಂಟೆ ಬೇಕು. ಇಷ್ಟನ್ನೇ ಕೇಳಿದವರು ವಿಮಾನವೇ ಮೇಲೆಂದು ತೀರ್ಮಾನಿಸುವುದು ಸಹಜ. ಆದರೆ ಪ್ರಯಾಣವು ಮನೆಯ ಬಾಗಿಲಿನಿಂದಲೇ ಆರಂಭವಾಗುವುದರಿಂದ ಲೆಕ್ಕವನ್ನೂ ಅಲ್ಲಿಂದಲೇ ಹಿಡಿಯೋಣ.

ನಗರದ ನಡುವಿನಿಂದ ಪಾಲಂ ಕಡೆಯ ವಿಮಾನನಿಲ್ದಾಣವನ್ನು ಮುಟ್ಟಲು ಮುಕ್ಕಾಲು ಘಂಟೆ. ಸಾಮಾನು ಒಪ್ಪಿಸಿ, ತಪಾಸಣೆಗೆ ನಿಂತು, ಕರೆಗಾಗಿ ಕಾಯಲು ಎರಡು ಘಂಟೆ. ಹಾರಾಟ ಒಂದು ಘಂಟೆ. ಇಳಿದು ಸಾಮಾನು ಪಡೆದು ಊರೊಳಗೆ ಬರಲು ಮತ್ತೊಂದು ಘಂಟೆ. ಒಟ್ಟು ನಾಲ್ಕೂಮುಕ್ಕಾಲು. ರೈಲಿಗಾದರೆ ನಿಲ್ದಾಣಕ್ಕೆ ಹೋಗಲು ಅರ್ಧ ಘಂಟೆ, ಕಾಯಲು ಅರ್ಧ ಘಂಟೆ, ಕೊನೆಯಲ್ಲಿ ಇಪ್ಪತ್ತು ನಿಮಿಷ ಸೇರಿಸಿದರೂ ಐದು ಘಂಟೆಯೊಳಗೇ ಮುಗಿಯಿತು. ಎರಡೂ ಸರಿಸಮವೇ ಆದವು! ವಿಮಾನದವನು ಗಗನದಲ್ಲಿದ್ದುದು ಒಂದೇ ಘಂಟೆ; ಉಳಿದ ಕಾಲವನ್ನೆಲ್ಲ ನೆಲದ ಮೇಲೆಯೇ ಕಳೆದನು.

ಲಖನೌ ಸುಮಾರು 500 ಕಿಲೋಮೀಟರು ದೂರ. ಅಲ್ಲಿಗೆ ಶತಾಬ್ದಿಯು ಆರೂವರೆ ಘಂಟೆ ಓಡಬೇಕಾದುದರಿಂದ ವಿಮಾನಕ್ಕೇ ಜಯ. ಘಂಟೆಗೆ ಸರಾಸರಿ 200 ಕಿಲೋಮೀಟರಿನಂತೆ ಓಡುವ ರೈಲಿದ್ದರೆ ಎರಡೂವರೆ ಘಂಟೆ ಸಾಕು. ಆಗ ವಿಮಾನವೇ ಹಿಂದೆ ಬೀಳುತ್ತದೆ. ನಮ್ಮ ಬೆಂಗಳೂರಿನ ಮಾತು ಬೇರೆ. 2,400 ಕಿಲೋಮೀಟರಿಗೆ ಅಂತಹ ರೈಲಿಗೂ ಹನ್ನೆರಡು ಘಂಟೆ ಬೇಕು. ದೇವನಹಳ್ಳಿಯಿಂದ ಬಸವನಗುಡಿಗೆ ಬರುವ ಹೊತ್ತನ್ನು ಸೇರಿಸಿದರೂ ವಿಮಾನವೇ ಬೇಗ.

ಜಪಾನೀಯರು ಈ ಲೆಕ್ಕವನ್ನು ಮೊದಲು ಕಾರ್ಯರೂಪಕ್ಕೆ ತಂದರು. 1964ರ ಅಕ್ಟೋಬರ್ 1ರಂದು ಟೋಕಿಯೋ ಮತ್ತು ಒಸಾಕಾ ನಗರಗಳ ನಡುವೆ 210 ಕಿಲೋಮೀಟರು ವೇಗದ ಶಿಂಕಾನ್‌ಸೆನ್ ರೈಲು ಹೊರಟಿತು. ಫ್ರಾನ್ಸ್ ದೇಶವು 2023ರಲ್ಲಿ, ರೈಲಿನಲ್ಲಿ ಎರಡೂವರೆ ಘಂಟೆಯೊಳಗೆ ಹೋಗಿಬರಲು ಅನುಕೂಲವಿರುವ ಕೆಲವು ಊರುಗಳಿಗೆ ವಿಮಾನವನ್ನೇ ನಿಷೇಧಿಸಿತು. ಪ್ಯಾರಿಸ್ಸಿನ ಓರ್ಲಿ ನಿಲ್ದಾಣದಿಂದ ಲಿಯೋನ್, ನಾಂತ್, ಬೋರ್ದೋಗಳಿಗೆ ಹಾರುವುದು ನಿಂತಿತು. ವಿಮಾನವು ಮೇಲಕ್ಕೇರುವಾಗಲೇ ವಿಪರೀತ ಇಂಧನವನ್ನು ನುಂಗುವುದರಿಂದ ಹಾದಿ ಚಿಕ್ಕದಾದಷ್ಟೂ ಆ ವೆಚ್ಚ ದುಬಾರಿ. ವಿದ್ಯುತ್ತಿನ ರೈಲು ಹೊಗೆಯುಗುಳದು ನಿಜ. ಆದರೆ ನಮ್ಮಲ್ಲಿ ವಿದ್ಯುತ್ತಿನ ಬಹುಪಾಲು ಕಲ್ಲಿದ್ದಲಿನಿಂದಲೇ ಬರುವುದೆಂಬುದನ್ನು ಮರೆಯಲಾಗದು.

ಹಾಗಾದರೆ ಇರುವ ಹಳಿಯ ಮೇಲೆಯೇ ವೇಗವಾಗಿ ಓಡಿಸಬಾರದೇಕೆ? ಘಂಟೆಗೆ 300 ಕಿಲೋಮೀಟರು ಎಂದರೆ ಕ್ಷಣಕ್ಕೆ 83 ಮೀಟರು. ಆ ವೇಗದಲ್ಲಿ ಬಿರಿ ಹಾಕಿದರೆ ನಿಲ್ಲುವಷ್ಟರಲ್ಲಿ ಗಾಡಿಯು ಮೂರು ಕಿಲೋಮೀಟರಿಗೂ ಮುಂದೆ ಸಾಗಿರುತ್ತದೆ. ಆದುದರಿಂದ ರೈಲ್ವೆ ಗೇಟು, ಅಡ್ಡ ಬರುವ ದನಕರು, ಮುಂದೆ ತೆವಳುವ ಗೂಡ್ಸ್ ಗಾಡಿ ಯಾವುದೂ ಇರಕೂಡದು. ತಿರುವುಗಳು ಬಹು ವಿಶಾಲವಾಗಿರಬೇಕು. ಹಳಿಯ ಪಕ್ಕದ ಸಿಗ್ನಲ್ ಕಂಬವನ್ನು ಓದಲು ಚಾಲಕನಿಗೆ ಅವಕಾಶವಿಲ್ಲವಾದ್ದರಿಂದ ಸೂಚನೆಯು ಅವನ ಮುಂದಿನ ಫಲಕದಲ್ಲಿಯೇ ಮೂಡುತ್ತದೆ. ಪುಷ್ಯ ಮಾಸದ ಮಂಜಿನಲ್ಲಿ ವಿಮಾನಗಳು ಜಯಪುರಕ್ಕೋ ಲಖನೌಗೋ ತಿರುಗಿಹೋಗುವುದನ್ನೂ, ರೈಲುಗಳು ಅರ್ಧ ದಿನ ತಡವಾಗುವುದನ್ನೂ ಬಲ್ಲ ದೆಹಲಿಯವರಿಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ನೆರೆಯಲ್ಲಿ ಇದರ ಸಣ್ಣ ಮಾದರಿಯೊಂದಿದೆ. ಮೀರಠಿನ ಹಾದಿಯಲ್ಲಿ 2023ರಲ್ಲಿ ಆರಂಭವಾಗಿ, 2025ರ ಜನವರಿಯಲ್ಲಿ ದೆಹಲಿಯ ನ್ಯೂ ಅಶೋಕ ನಗರವನ್ನು ಮುಟ್ಟಿದ ನಮೋ ಭಾರತ್ ರೈಲು ತನ್ನದೇ ಪ್ರತ್ಯೇಕ ಹಳಿಯ ಮೇಲೆ, ಬಹುಮಟ್ಟಿಗೆ ಕಂಬಗಳ ಮೇಲೆಯೇ ಓಡುತ್ತದೆ. ನಿಜವಾದ ಅತಿವೇಗದ ಮಾರ್ಗಕ್ಕೆ 2017ರಲ್ಲಿ ಅಡಿಗಲ್ಲು ಬಿದ್ದದ್ದು ಮುಂಬಯಿ ಮತ್ತು ಅಹಮದಾಬಾದುಗಳ ನಡುವೆ. ಉದ್ದ 508 ಕಿಲೋಮೀಟರು, ಅಂದರೆ ಹೆಚ್ಚುಕಡಿಮೆ ನಮ್ಮ ಲಖನೌ ದೂರವೇ. ಮೊದಲು ಹಾಕಿದ ಅಂದಾಜು ಸುಮಾರು 1,08,000 ಕೋಟಿ ರೂಪಾಯಿ. ಕಿಲೋಮೀಟರಿಗೆ 200 ಕೋಟಿಗೂ ಮೇಲು!

ಇಷ್ಟು ಹಣ ಸುರಿದ ಮೇಲೆ ಟಿಕೀಟು ಅಗ್ಗವಾಗಿರಲಾರದು. ವಿಮಾನದ ಪ್ರಯಾಣಿಕನು ಅದನ್ನು ಕೊಟ್ಟಾನು. ಛಠ್ ಹಬ್ಬಕ್ಕೆ ಊರಿಗೆ ಹೊರಟು ಆನಂದ ವಿಹಾರದ ನಿಲ್ದಾಣದಲ್ಲಿ ಗಂಟುಮೂಟೆಯೊಡನೆ ಸಾಲುನಿಲ್ಲುವ ಕೂಲಿಕಾರನು ಕೊಡಲಾರನು. ಅವನು ಕೇಳುವುದು ವೇಗವನ್ನಲ್ಲ, ಕುಳಿತುಕೊಳ್ಳಲು ಒಂದು ಜಾಗವನ್ನು. ಲಖನೌ ಕಡೆಗೆ ಹೊಸ ಹಳಿ ಬಿದ್ದರೆ ಹಳೆಯ ಹಳಿಯ ಮೇಲೆ ತೆರವಾಗುವ ವೇಳೆಯನ್ನು ಅವನ ಗಾಡಿಗಳಿಗೆ ಕೊಡುವುದು ನ್ಯಾಯವೆಂದು ನಮಗೆ ತೋರುತ್ತದೆ.