ಹುರುಳಿ ಇದೆ, ಕಡ್ಲೆ ಇದೆ. ಗೋಧಿ ಸೋಕದ ಗಿರಣಿ ಎಲ್ಲಿದೆ?

ಗುಂಡ್ಲುಪೇಟೆಯಲ್ಲಿ ಸಂಜೆ ಹೊತ್ತು ಬೋಂಡ ಕರಿಯುವ ಗಾಡಿಗೂ, ಬೆಂಗಳೂರಿನ ಮಾಲ್‌ಗಳಲ್ಲಿ ‘ಗ್ಲುಟನ್ ಫ್ರೀ’ ಚೀಟಿ ಹಚ್ಚಿಕೊಂಡು ಕೂತಿರುವ ದುಬಾರಿ ಪೊಟ್ಟಣಕ್ಕೂ ಏನು ನಂಟು? ಎಷ್ಟೋ ಸಲ ಎರಡರೊಳಗೂ ಇರುವುದು ಕಡ್ಲೆಹಿಟ್ಟೇ. ಒಂದನ್ನು ನಾವು ಬಾಯಿಚಪಲ ಅನ್ನುತ್ತೇವೆ, ಇನ್ನೊಂದನ್ನು ಆರೋಗ್ಯ ಅನ್ನುತ್ತೇವೆ.

ಗ್ಲುಟನ್ ಎಂದರೆ ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಪ್ರೋಟೀನು. ಚಪಾತಿ ಹಿಟ್ಟು ನಾದಿದಷ್ಟೂ ಎಳೆದಲ್ಲಿಗೆ ಬರುವುದು ಅದರಿಂದಲೇ. ಸಿಲಿಯಾಕ್ ಕಾಯಿಲೆ ಇರುವವರಿಗೆ ಇದು ಒಗ್ಗುವುದಿಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ತಿರುಗಿಬಿದ್ದು ಸಣ್ಣ ಕರುಳಿನ ಒಳಪದರವನ್ನು ಹಾಳುಮಾಡುತ್ತದೆ. ತಿಂದದ್ದು ಮೈಗೆ ಹತ್ತುವುದಿಲ್ಲ, ರಕ್ತಹೀನತೆ ಕಾಡುತ್ತದೆ, ಮಕ್ಕಳ ಬೆಳವಣಿಗೆ ಕುಂಠಿತವಾಗುತ್ತದೆ. 1944–45ರ ಬರಗಾಲದಲ್ಲಿ ನೆದರ್ಲೆಂಡ್ಸ್‌ನಲ್ಲಿ ಬ್ರೆಡ್ಡಿಗೆ ತತ್ವಾರ ಬಂದಾಗ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡರು. ಬ್ರೆಡ್ಡು ಮರಳಿದಾಗ ಮತ್ತೆ ಹಾಸಿಗೆ ಹಿಡಿದರು. ಗೋಧಿಯ ಮೇಲೆ ಮೊದಲೇ ಅನುಮಾನವಿದ್ದ ಮಕ್ಕಳ ವೈದ್ಯ ವಿಲ್ಲೆಮ್ ಕಾರೆಲ್ ಡಿಕ್ಕೆ ಅದನ್ನು ಸಾಬೀತುಪಡಿಸಿದರು. ಇಂದಿಗೂ ಇದಕ್ಕೆ ಜೀವನಪರ್ಯಂತ ಪಥ್ಯವೇ ಮದ್ದು.

ಹಿಂಗಾರಿನ ಕಾಳು

ಪಥ್ಯ ಅಂದಕೂಡಲೇ ಏನು ತಿನ್ನುವುದು ಎಂದು ಗಾಬರಿಯಾಗುವವರು ಚಾಮರಾಜನಗರ ಜಿಲ್ಲೆಯ ಹಳ್ಳಿ ಅಡುಗೆಮನೆಯನ್ನೊಮ್ಮೆ ನೋಡಬೇಕು. ಘಟ್ಟದ ಮಳೆನೆರಳಿನ ಈ ಸೀಮೆಯಲ್ಲಿ ಮಳೆಯನ್ನೇ ನಂಬಿದ ಹೊಲಗಳಿಗೆ ಮುಂಗಾರಿನಲ್ಲಿ ಸೂರ್ಯಕಾಂತಿಯೋ ಹೆಸರೋ ಬೀಳುತ್ತದೆ. ಅದು ಕಟಾವಾದ ಮೇಲೆ ಉಳಿದ ತೇವದಲ್ಲಿ ಹುರುಳಿ ಚೆಲ್ಲುತ್ತಾರೆ. ಗೊಬ್ಬರ ಕೇಳದ, ಎರಡು ಹದಮಳೆಗೆ ಬಂದುಬಿಡುವ ಬೆಳೆ ಇದು. ಮುದ್ದೆ, ಹುರುಳಿಕಟ್ಟಿನ ಸಾರು, ಉಪ್ಸಾರು–ಖಾರ: ಈ ಊಟದಲ್ಲಿ ಗೋಧಿಗೆ ಜಾಗವೇ ಇಲ್ಲ. ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನು ಇದೆ. ಕಬ್ಬಿಣದ ಅಂಶವೂ ಚೆನ್ನಾಗಿದೆ. ಅಕ್ಕಿಪಿಷ್ಟ, ಮರಗೆಣಸಿನ ಪಿಷ್ಟದಿಂದಲೇ ಮಾಡಿದ ಪೊಟ್ಟಣದ ತಿನಿಸುಗಳಲ್ಲಿ ಇಲ್ಲದ ಸತ್ವ ಇದು.

ಕಾಳಿನ ಹಿಟ್ಟಿಗೆ ಒಂದು ದೋಷವೂ ಉಂಟು, ಹಸಿ ವಾಸನೆ. ಅದಕ್ಕೆ ಮದ್ದು ನಮ್ಮವರಿಗೆ ಗೊತ್ತಿತ್ತು: ಹುರಿಯುವುದು. ಸಣ್ಣ ಉರಿಯಲ್ಲಿ ಹುರುಳಿ ಘಮ್ಮೆನ್ನುವವರೆಗೆ ಕೈಯಾಡಿಸಿ, ಆರಿಸಿ, ಆಮೇಲೆ ಬೀಸಿಸಿದರೆ ವಾಸನೆ ಹೋಗುತ್ತದೆ. ಜೀರ್ಣಕ್ಕೆ ಅಡ್ಡಿ ಮಾಡುವ ಅಂಶಗಳೂ ತಗ್ಗುತ್ತವೆ. ತಂಬಿಟ್ಟಿಗೆ ಹಸಿ ಕಡಲೆ ಬಿಟ್ಟು ಹುರಿಗಡಲೆ ಪುಡಿ ಮಾಡುವುದು ಸುಮ್ಮನೆ ಅಲ್ಲ.

ಅಂಟಿಲ್ಲದ ಹಿಟ್ಟನ್ನು ಕಟ್ಟುವ ಬಗೆ

ಗ್ಲುಟನ್ ಇಲ್ಲದ ಹಿಟ್ಟು ತಣ್ಣೀರಿಗೆ ಒದಗುವುದಿಲ್ಲ, ತಟ್ಟಿದರೆ ಬಿರಿಯುತ್ತದೆ. ಹೊರದೇಶದ ಪಾಕವಿಧಾನಗಳು ಇದಕ್ಕೆ ಕ್ಸಾಂಥನ್ ಗಮ್ ಅಥವಾ ಗೌರ್ ಗಮ್ ಸೇರಿಸಿ ಅನ್ನುತ್ತವೆ. ಗೌರ್ ಗಮ್ ಬರುವುದು ನಾವು ಪಲ್ಯಕ್ಕೆ ಹೆಚ್ಚುವ ಗೋರಿಕಾಯಿಯ ಬೀಜದಿಂದ. ರೊಟ್ಟಿಗಾದರೆ ಅದೂ ಬೇಡ, ಕುದಿನೀರು ಸಾಕು. ಅಕ್ಕಿರೊಟ್ಟಿಗೆ ಹಿಟ್ಟು ಉಕ್ಕರಿಸುವಾಗ ಪಿಷ್ಟ ಬೆಂದು ಅಂಟಾಗುತ್ತದೆ, ಆ ಅಂಟೇ ಹಿಟ್ಟನ್ನು ಹಿಡಿದಿಡುತ್ತದೆ. ಎರಡು ಪಾಲು ಅಕ್ಕಿಹಿಟ್ಟಿಗೆ ಒಂದು ಪಾಲು ಹುರಿದ ಹುರುಳಿಹಿಟ್ಟು, ಹೆಚ್ಚಿದ ಈರುಳ್ಳಿ, ಸಬ್ಬಸಿಗೆ ಸೊಪ್ಪು, ಹಸಿಮೆಣಸಿನಕಾಯಿ, ಉಪ್ಪು ಹಾಕಿ, ಕುದಿವ ನೀರು ಹೊಯ್ದು ಮುಚ್ಚಿಡಿ. ಕೈ ತಾಳುವಷ್ಟು ಆರಿದ ಮೇಲೆ ನಾದಿ, ಬಾಳೆಲೆಯ ಮೇಲೆ ತಟ್ಟಿ ಕಾವಲಿಗೆ ಹಾಕಿದರೆ ರೊಟ್ಟಿ ಮುರಿಯುವುದಿಲ್ಲ.

ಓವನ್‌ಗೆ ಇಳಿದರೆ

ಅಮೆರಿಕದಲ್ಲಿ ಸ್ವತಃ ಸಿಲಿಯಾಕ್ ಕಾಯಿಲೆಯಿದ್ದ ಬೆಟ್ಟಿ ಹ್ಯಾಗ್‌ಮನ್ ಗ್ಲುಟನ್ ಇಲ್ಲದ ಅಡುಗೆಯ ಪುಸ್ತಕಗಳಿಂದ ಹೆಸರಾದರು. ಅವರ ಹಿಟ್ಟಿನ ಮಿಶ್ರಣಗಳಲ್ಲೊಂದಕ್ಕೆ ಬೀಳುವುದು ಕಾಬೂಲಿ ಕಡಲೆ ಮತ್ತು ಫಾವಾ ಬೀನ್ಸ್‌ನ ಹಿಟ್ಟು, ಜೋಳದ ಹಿಟ್ಟು, ಮೆಕ್ಕೆಜೋಳದ ಪಿಷ್ಟ, ಮರಗೆಣಸಿನ ಪಿಷ್ಟ. ಫಾವಾ ಒಂದನ್ನು ಬಿಟ್ಟರೆ ಯಾವುದೂ ನಮಗೆ ದೂರದ್ದಲ್ಲ.

ಕಾಳಿನ ಹಿಟ್ಟಿನಲ್ಲಿ ಗೂಡು ಗೂಡಾದ ತಿನಿಸು ಮಾಡಬಹುದು ಎಂಬುದಕ್ಕೆ ಸಾಕ್ಷಿ ಗುಂಡ್ಲುಪೇಟೆಯಿಂದ ಸುಮಾರು 60 ಕಿ.ಮೀ. ದೂರದಲ್ಲೇ ಇದೆ. ನಾಲ್ವಡಿಯವರ ಕಾಲದಲ್ಲಿ ಅರಮನೆ ಬಾಣಸಿಗ ಕಾಕಾಸುರ ಮಾದಪ್ಪ ಮಾಡಿದರೆನ್ನುವ ಮೈಸೂರು ಪಾಕ್‌ಗೆ ಬೇಕಾದದ್ದು ಕಡ್ಲೆಹಿಟ್ಟು, ಸಕ್ಕರೆ, ತುಪ್ಪ, ಅಷ್ಟೇ. ಪಾಕಕ್ಕೆ ಹಿಟ್ಟು ಬಿದ್ದ ಮೇಲೆ ಕಾದ ತುಪ್ಪವನ್ನು ಸೌಟು ಸೌಟಾಗಿ ಹೊಯ್ಯುತ್ತಾರೆ. ಪ್ರತಿ ಸೌಟಿಗೂ ಪಾಕದ ನೀರು ಆವಿಯಾಗಿ ನುಗ್ಗಿ, ಹಿಟ್ಟು ಬುಸ್ಸೆಂದು ಉಬ್ಬಿ, ಅಂಚು ಬಿಡುತ್ತದೆ. ಆ ಗಳಿಗೆಯಲ್ಲೇ ತಟ್ಟೆಗೆ ಸುರಿದರೆ ಒಳಗಿನ ಗೂಡುಗಳು ಹಾಗೇ ಗಟ್ಟಿಯಾಗುತ್ತವೆ.

ಬ್ರೆಡ್ಡು ಕಷ್ಟ, ಬಿಸ್ಕತ್ತು ಸುಲಭ. ಬ್ರೆಡ್ಡಿಗೆ ಗಾಳಿ ಹಿಡಿದಿಡುವ ಬಲೆ ಬೇಕು; ಬಿಸ್ಕತ್ತಿಗೆ ಪುಡಿಪುಡಿಯಾಗುವುದೇ ರುಚಿ. ಹೊಸಬರು ನಾನ್‌ಖಟಾಯಿಯಿಂದ ಆರಂಭಿಸಿ. ಅರ್ಧ ಕಪ್ ಗಟ್ಟಿತುಪ್ಪ, ಅರ್ಧ ಕಪ್ ಸಕ್ಕರೆಪುಡಿ ಬಿಳುಪೇರುವ ತನಕ ತಿರುವಿ. ಸ್ವಲ್ಪವೇ ಹುರಿದು ಆರಿಸಿದ ಒಂದೂವರೆ ಕಪ್ ಕಡ್ಲೆಹಿಟ್ಟು, ಕಾಲು ಕಪ್ ಅಕ್ಕಿಹಿಟ್ಟು, ಚಿಟಿಕೆ ಅಡುಗೆಸೋಡ, ಏಲಕ್ಕಿಪುಡಿ ಜರಡಿ ಹಿಡಿದು ಸೇರಿಸಿ, ಉಂಡೆ ಕಟ್ಟಿ, ಮೆಲ್ಲಗೆ ಒತ್ತಿ. 160 ಡಿಗ್ರಿಯಲ್ಲಿ 15ರಿಂದ 20 ನಿಮಿಷ ಬೇಯಲಿ. ಪೂರ್ತಿ ಆರುವ ಮೊದಲು ಮುಟ್ಟಬೇಡಿ, ಮುರಿಯುತ್ತದೆ. ಕೇಕ್ ಮಾಡುವವರು ಮೊಟ್ಟೆಯ ಜೊತೆ ಕಳಿತ ಏಲಕ್ಕಿಬಾಳೆ ಕಿವುಚಿ ಹಾಕಿದರೆ ಹಿಟ್ಟು ಕೂಡಿಕೊಳ್ಳುತ್ತದೆ.

ಕಲ್ಲಿನಲ್ಲಿ ಕೂತ ಗೋಧಿ

ಇಷ್ಟೆಲ್ಲ ಇದ್ದರೂ ಒಂದು ಕಡೆ ಎಡವುತ್ತೇವೆ, ಗಿರಣಿಯಲ್ಲಿ. ನಮ್ಮ ಊರುಗಳ ಹಿಟ್ಟಿನ ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿಗೇ ಕಡಲೆ, ರಾಗಿ, ಹುರುಳಿ ಬೀಳುತ್ತವೆ. ಹಿಂದಿನವರ ಗೋಧಿಹಿಟ್ಟು ಕಲ್ಲಿನ ಸಂದಿಯಲ್ಲಿ, ಕೆಳಗಿನ ಬಟ್ಟೆಚೀಲದಲ್ಲಿ ಉಳಿದಿರುತ್ತದೆ. ಗ್ಲುಟನ್ ರಹಿತ ಎಂದು ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಂ ಮೀರುವಂತಿಲ್ಲ ಎನ್ನುತ್ತದೆ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ. ಒಂದು ಚಿಟಿಕೆ ಗೋಧಿಹಿಟ್ಟು ಬೆರೆತರೂ ಆ ಮಿತಿ ದಾಟುತ್ತದೆ. ಬೋಂಡದ ಹಿಟ್ಟಿಗೆ ಮೈದಾ ಬೆರೆಸುವವರಿದ್ದಾರೆ. ಸಮೋಸ ಕರಿದ ಎಣ್ಣೆಯಲ್ಲೇ ಬಜ್ಜಿಯೂ ಬೇಯುತ್ತದೆ. ಸಾರಿನ ಒಗ್ಗರಣೆಗೆ ಹಾಕುವ ಎಷ್ಟೋ ಇಂಗಿನ ಡಬ್ಬಿಗಳಲ್ಲಿ ಗೋಧಿಹಿಟ್ಟು ಇರುತ್ತದೆ. ಒಬ್ಬಟ್ಟಿನ ಹೂರಣ ಸೈ, ಕಣಕ ಅಲ್ಲ.

ಆದ್ದರಿಂದ ಪಥ್ಯದವರ ಮನೆಯಲ್ಲಿ ಕಾಳನ್ನು ಮೊರದಲ್ಲಿ ಹಸನು ಮಾಡಿ, ಗೋಧಿ ಕಾಣದ ಮಿಕ್ಸಿಯಲ್ಲೋ ಮನೆಗಿರಣಿಯಲ್ಲೋ ಪುಡಿ ಮಾಡಿ ಜರಡಿ ಹಿಡಿಯುವುದೇ ಸದ್ಯಕ್ಕೆ ಕ್ಷೇಮ. ಇನ್ನೊಂದು ಮಾತು: ಹೊಟ್ಟೆಯುಬ್ಬರ ಬಂತೆಂದು ತಾವೇ ಗೋಧಿ ಬಿಟ್ಟು, ಆಮೇಲೆ ವೈದ್ಯರ ಬಳಿ ಹೋಗಬೇಡಿ. ಗೋಧಿ ಬಿಟ್ಟ ಮೇಲೆ ಮಾಡಿದ ರಕ್ತಪರೀಕ್ಷೆಯಲ್ಲಿ ಸಿಲಿಯಾಕ್ ಸಿಕ್ಕದೆ ಹೋಗಬಹುದು.

ಮಹಿಳಾ ಸಂಘಗಳು ಈಗ ಸಿರಿಧಾನ್ಯದ ಹಿಟ್ಟು, ಚಟ್ನಿಪುಡಿ ಮಾಡಿ ಮಾರುತ್ತಿವೆ. ಕಿರು ಆಹಾರ ಉದ್ಯಮಗಳಿಗೆ ಶೇ 35ರಷ್ಟು ಸಹಾಯಧನ ಕೊಡುವ ಯೋಜನೆಯನ್ನು ಕೇಂದ್ರ ಸರ್ಕಾರ 2020ರಲ್ಲೇ ತಂದಿತು. ಹಿಟ್ಟು ಬೀಸುವ, ಬೇಕಿಂಗ್ ಮಾಡುವ ವಿದ್ಯೆ ಹೇಳಿಕೊಡಲು 1950ರಿಂದ ಸಿಎಫ್‌ಟಿಆರ್‌ಐ ಪಕ್ಕದ ಮೈಸೂರಿನಲ್ಲೇ ಇದೆ. ಹುರುಳಿ ಬೆಳೆಯುವ ತಾಲ್ಲೂಕಿನಲ್ಲಿ ಯಾವುದಾದರೂ ಒಂದು ಸಂಘ ಕಾಳು–ರಾಗಿಗೆಂದೇ ಬೇರೆ ಗಿರಣಿ ಇಟ್ಟು, ‘ಇಲ್ಲಿ ಗೋಧಿ ಬೀಸುವುದಿಲ್ಲ’ ಎಂದು ಬೋರ್ಡು ಹಾಕಲಿ. ಹುರುಳಿಗೆ ಒಳ್ಳೆಯ ಬೆಲೆ ಬಂದೀತು, ಪಥ್ಯದ ಮಕ್ಕಳಿಗೆ ಭಯವಿಲ್ಲದ ತುತ್ತೂ ಸಿಕ್ಕೀತು.