ದಂಡ 250 ಕೋಟಿ, ನೊಂದವರಿಗೆಷ್ಟು?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗು ಬೆಳೆಗಾರರ ಮನೆಗಳಲ್ಲಿ ಒಂದು ಪ್ಲಾಸ್ಟಿಕ್ ಕವರ್ ಯಾವಾಗಲೂ ಕೈಗೆ ಸಿಗುವಂತೆ ಇರುತ್ತದೆ. ಅದರಲ್ಲಿ ಆಧಾರ್ ಜೆರಾಕ್ಸ್, ಪಹಣಿ, ಪಾಸ್‌ಬುಕ್‌ನ ಮೊದಲ ಪುಟ, ರೈತರ ಗುರುತಿನ ಎಫ್‌ಐಡಿ ನಂಬರ್ ಬರೆದ ಚೀಟಿ. ಬೆಂಬಲ ಬೆಲೆಗೆ ಕೊಳ್ಳುವ ನಫೆಡ್‌ಗೆ ಕೊಬ್ಬರಿ ಬಿಡಲು ಒಂದು ಸೆಟ್, ಸೊಸೈಟಿ ಸಾಲಕ್ಕೆ ಒಂದು, ಮೈಕ್ರೋ ಫೈನಾನ್ಸ್‌ನವರಿಗೆ ಇನ್ನೊಂದು. ಹೀಗೆ ಕೈಬಿಟ್ಟು ಹೋದ ಮಾಹಿತಿಯನ್ನು ಯಾರಾದರೂ ಬಯಲಿಗೆಳೆದರೆ ಕಾನೂನು ಏನು ಮಾಡುತ್ತದೆ ಎಂಬ ಬಗ್ಗೆ ಕೆಲವು ತಪ್ಪು ನಂಬಿಕೆಗಳು ಗಟ್ಟಿಯಾಗಿ ಬೇರೂರಿವೆ.

ಮೊದಲನೆಯದು: ‘ಹೊಸ ಕಾಯ್ದೆ ಬಂದಿದೆ, ಕಂಪನಿಗೆ 250 ಕೋಟಿ ದಂಡ ಬೀಳುತ್ತೆ, ಅದರಲ್ಲಿ ನಮಗೂ ಪರಿಹಾರ ಬರುತ್ತೆ.’

ಬರುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಡಿ ವಸೂಲಾಗುವ ದಂಡವೆಲ್ಲ ಭಾರತದ ಸಂಚಿತ ನಿಧಿಗೆ, ಅಂದರೆ ಕೇಂದ್ರದ ಖಜಾನೆಗೆ ಸೇರುತ್ತದೆ. ಮಾಹಿತಿ ಕಳೆದುಕೊಂಡವರಿಗೆ ಒಂದು ರೂಪಾಯಿಯೂ ಇಲ್ಲ. ಇಷ್ಟೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಮು ಬ್ಯಾಂಕ್ ವಿವರ, ಆರೋಗ್ಯ, ಬೆರಳಚ್ಚಿನಂಥ ಸೂಕ್ಷ್ಮ ಮಾಹಿತಿಯನ್ನು ಕಂಪನಿಯ ಅಜಾಗರೂಕತೆಯಿಂದ ಕಳೆದುಕೊಂಡು ನಷ್ಟಕ್ಕೊಳಗಾದವರಿಗೆ ಪರಿಹಾರ ಕೇಳುವ ದಾರಿ ಕೊಟ್ಟಿದೆ. ಹೊಸ ಕಾಯ್ದೆ ಆ ಕಲಮನ್ನೇ ತೆಗೆದುಹಾಕುತ್ತದೆ. 2025ರ ನವೆಂಬರ್‌ನ ಅಧಿಸೂಚನೆಯಂತೆ ಮುಖ್ಯ ಕಲಮುಗಳು 18 ತಿಂಗಳ ನಂತರ, ಅಂದರೆ 2027ರ ಮೇ ತಿಂಗಳಲ್ಲಿ ಜಾರಿಗೆ ಬರುತ್ತವೆ. ಅಂದಿನಿಂದ 43ಎ ಇರುವುದಿಲ್ಲ. ಇದು ಅನ್ಯಾಯ ಎಂದೇ ನಾನು ಹೇಳುತ್ತೇನೆ.

ಯುರೋಪಿನಲ್ಲಿ ಹೀಗಿಲ್ಲ. 53 ಕೋಟಿಗೂ ಹೆಚ್ಚು ಫೇಸ್‌ಬುಕ್ ಬಳಕೆದಾರರ ಫೋನ್ ನಂಬರ್ ಮೊದಲಾದ ವಿವರ ಅಂತರ್ಜಾಲದಲ್ಲಿ ಬಯಲಾದಾಗ, ಐರ್ಲೆಂಡಿನ ದತ್ತಾಂಶ ಆಯೋಗ 2022ರ ನವೆಂಬರ್‌ನಲ್ಲಿ ಮೆಟಾ ಕಂಪನಿಗೆ 26.5 ಕೋಟಿ ಯೂರೋ ದಂಡ ಹಾಕಿತು. ಅಲ್ಲಿಯೂ ದಂಡ ಸರ್ಕಾರಕ್ಕೇ. ಆದರೆ ನೊಂದವರು ಬೇರೆಯಾಗಿ ಪರಿಹಾರ ಕೇಳಬಹುದು. ಅದೇ ಸೋರಿಕೆಯ ಬಗ್ಗೆ 2024ರ ನವೆಂಬರ್‌ನಲ್ಲಿ ಜರ್ಮನಿಯ ಅತ್ಯುನ್ನತ ಸಿವಿಲ್ ನ್ಯಾಯಾಲಯ, ತನ್ನ ಮಾಹಿತಿಯ ಮೇಲೆ ಹಿಡಿತ ತಪ್ಪಿತು ಎಂಬುದೇ ನಷ್ಟ, ಹಣ ಹೋಗಿರಲೇಬೇಕೆಂದಿಲ್ಲ ಎಂದು ತೀರ್ಪು ಕೊಟ್ಟಿತು. ನಮ್ಮಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಸಾರಿದ್ದು ಕರ್ನಾಟಕದವರೇ ಆದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಹೂಡಿದ ದಾವೆಯಲ್ಲಿ. ಹಕ್ಕಿದೆ ಎಂದಮೇಲೆ ಅದಕ್ಕೆ ಪೆಟ್ಟು ಬಿದ್ದವನಿಗೆ ಪರಿಹಾರವೂ ಬೇಕಲ್ಲವೇ?

250 ಕೋಟಿಯ ಲೆಕ್ಕವನ್ನೂ ಸರಿಯಾಗಿ ತಿಳಿಯಬೇಕು. ಅದು ಮಾಹಿತಿಗೆ ತಕ್ಕ ಭದ್ರತೆ ಕೊಡದೆ ಸೋರಿಕೆಗೆ ಕಾರಣರಾದವರಿಗೆ ವಿಧಿಸಬಹುದಾದ ಗರಿಷ್ಠ ಮೊತ್ತ. ಸೋರಿಕೆಯಾದ ಸುದ್ದಿಯನ್ನು ಈ ಕಾಯ್ದೆಯಡಿಯ ದತ್ತಾಂಶ ಸಂರಕ್ಷಣಾ ಮಂಡಳಿಗೂ ಸಂಬಂಧಪಟ್ಟವರಿಗೂ ತಿಳಿಸದೆ ಮುಚ್ಚಿಟ್ಟರೆ 200 ಕೋಟಿವರೆಗೆ. ಒಪ್ಪಿಗೆಯಿಲ್ಲದೆ ಬೇಕೆಂದೇ ಪ್ರಕಟಿಸುವಂಥ ಇತರ ಉಲ್ಲಂಘನೆಗಳಿಗೆ 50 ಕೋಟಿವರೆಗೆ.

ಎರಡನೆಯ ನಂಬಿಕೆ ಇನ್ನೂ ಅಪಾಯದ್ದು: ‘ಪಹಣಿಯೇ ಆನ್‌ಲೈನ್‌ನಲ್ಲಿದೆ, ಇನ್ನು ಮುಚ್ಚಿಡೋಕೆ ಏನಿದೆ?’ ಕಾನೂನಿನ ಪ್ರಕಾರ ಪ್ರಕಟಿಸಲೇಬೇಕಾದ ದಾಖಲೆಗಳಿಗೆ ಹೊಸ ಕಾಯ್ದೆ ಅನ್ವಯಿಸದು, ನಿಜ. ಆದರೆ ಪಹಣಿಯಲ್ಲಿ ಹೆಸರಿದೆ ಎಂದಮಾತ್ರಕ್ಕೆ ಆಧಾರ್ ನಂಬರನ್ನೂ ಬೆರಳಚ್ಚನ್ನೂ ಯಾರು ಬೇಕಾದರೂ ಹಂಚಬಹುದು ಎಂದಾಗುವುದಿಲ್ಲ. ಆಧಾರ್ ಕಾಯ್ದೆಯ 29ನೇ ಕಲಮು ಆಧಾರ್ ಸಂಖ್ಯೆಯನ್ನು ಸಾರ್ವಜನಿಕವಾಗಿ ಪ್ರಕಟಿಸುವುದನ್ನು ತಡೆಯುತ್ತದೆ. ಆದರೂ 2017ರ ಮೇ ತಿಂಗಳಲ್ಲಿ ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ ನಾಲ್ಕು ಸರ್ಕಾರಿ ಜಾಲತಾಣಗಳಲ್ಲಿ ಸುಮಾರು 13 ಕೋಟಿ ಆಧಾರ್ ಸಂಖ್ಯೆಗಳು ತೆರೆದೇ ಇದ್ದುದನ್ನು ತೋರಿಸಿತು. ಅವುಗಳಲ್ಲಿ ನರೇಗಾ ಕೂಲಿಕಾರರ, ಪಿಂಚಣಿದಾರರ ವಿವರಗಳಿದ್ದವು. ಇಂಥ ಮಾಹಿತಿ ಬಯಲಾದರೆ ಏನಾಗುತ್ತದೆ ಎಂಬುದು 2023ರಲ್ಲಿ ಮಂಗಳೂರಿನಲ್ಲಿ ಕಂಡಿತು. ಆಸ್ತಿ ನೋಂದಣಿ ಮಾಡಿಸಿದವರ ಖಾತೆಗಳಿಂದ ಓಟಿಪಿಯೂ ಇಲ್ಲದೆ ಹಣ ಹೋಗತೊಡಗಿತು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಿಂದ ಕ್ರಯಪತ್ರ ಇಳಿಸಿಕೊಂಡು, ಅದರಲ್ಲಿದ್ದ ಹೆಬ್ಬೆಟ್ಟಿನ ಗುರುತನ್ನು ನಕಲು ಮಾಡಿ, ಆಧಾರ್ ಆಧಾರಿತ ಪಾವತಿಯ ಮೂಲಕ ಹಣ ತೆಗೆದಿದ್ದರು ಎಂದರು ಪೊಲೀಸರು. ಜಮೀನು ಮಾರಿದ, ಕೊಂಡ ಪ್ರತಿಯೊಬ್ಬರೂ ಎಂ-ಆಧಾರ್ ಆ್ಯಪ್‌ನಲ್ಲಿ ಬೆರಳಚ್ಚನ್ನು ಲಾಕ್ ಮಾಡಿಡಲಿ.

‘ಸಾಲ ಬಾಕಿ ಇಟ್ಟವರ ಹೆಸರು ಹಾಕೋ ಹಕ್ಕು ಫೈನಾನ್ಸ್‌ನವರಿಗೆ ಇದ್ದೇ ಇರುತ್ತೆ’ ಎಂದು ಸಂಘದ ಹೆಣ್ಣುಮಕ್ಕಳು ತಲೆತಗ್ಗಿಸುವುದಿದೆಯಲ್ಲ, ಅದಂತೂ ಶುದ್ಧ ಸುಳ್ಳು. ರಿಸರ್ವ್ ಬ್ಯಾಂಕ್ 2022ರ ಮಾರ್ಚ್‌ನಲ್ಲಿ ಹೊರಡಿಸಿದ ಮೈಕ್ರೋ ಫೈನಾನ್ಸ್ ನಿರ್ದೇಶನಗಳು ಸಾಲಗಾರರ ಹೆಸರು ಪ್ರಕಟಿಸುವುದನ್ನು ನಿಷಿದ್ಧ ವಸೂಲಿ ಕ್ರಮಗಳ ಪಟ್ಟಿಯಲ್ಲೇ ಇಟ್ಟಿವೆ. ನೆಂಟರಿಷ್ಟರನ್ನು ಕಾಡುವುದು, ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನ್ ಮಾಡುವುದು ಕೂಡ ಅದೇ ಪಟ್ಟಿಯಲ್ಲಿವೆ. ವಾಟ್ಸಾಪ್ ಗುಂಪಿಗೆ ಫೋಟೊ ಹಾಕಿದರೂ, ಮನೆ ಗೋಡೆಗೆ ಬರೆದರೂ ಅದು ಪ್ರಕಟಣೆಯೇ. ಸಾಲ ತೀರಿಸುವ ಹೊಣೆ ಬೇರೆ, ಮಾನ ಕಳೆಯುವುದು ಬೇರೆ. ಮೊದಲು ಕಂಪನಿಗೆ ಬರಹದಲ್ಲಿ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಹೋಗಬಹುದು, ಶುಲ್ಕವಿಲ್ಲ. ಒಂಬುಡ್ಸ್‌ಮನ್ ವ್ಯಾಪ್ತಿಗೆ ಬರುವ ಕಂಪನಿಯಾದರೆ, ಮಾನಸಿಕ ಕಿರುಕುಳಕ್ಕೂ ಪರಿಹಾರ ಕೊಡಿಸುವ ಅಧಿಕಾರ ಅವರಿಗಿದೆ. ಖಜಾನೆಗಲ್ಲ, ನೊಂದವರ ಕೈಗೇ ಹಣ ತಲುಪುವ ದಾರಿ ಇದು.

ಹೊಸ ಕಾಯ್ದೆ ಬೆಂಗಳೂರಿನ ದೊಡ್ಡ ಕಂಪನಿಗಳಿಗೆ ಮಾತ್ರ ಎಂಬುದೂ ತಪ್ಪು. ಸಂಸ್ಥೆ, ಪಾಲುದಾರಿಕೆ, ಸಂಘ, ಸರ್ಕಾರ ಎಲ್ಲವೂ ಅದರ ವ್ಯಾಪ್ತಿಯಲ್ಲಿವೆ. ಬರೀ ಕಾಗದದಲ್ಲಿರುವ ಮಾಹಿತಿ ಅದರಡಿ ಬಾರದು, ಆದರೆ ಜೆರಾಕ್ಸ್ ಪ್ರತಿಯನ್ನು ಮೊಬೈಲಿನಲ್ಲಿ ಫೋಟೊ ಹಿಡಿದ ಕ್ಷಣದಿಂದ ಬರುತ್ತದೆ. ಇನ್ನೊಂದು ಹಕ್ಕನ್ನು ಹಳ್ಳಿಯವರು ಕೇಳಿಯೇ ಪಡೆಯಬೇಕು: ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಅವಕಾಶ ಕೊಡಬೇಕೆಂದು ಕಾಯ್ದೆ ಹೇಳುತ್ತದೆ. ಆ ಅನುಸೂಚಿಯಲ್ಲಿ ಕನ್ನಡವಿದೆ. ಕಲಮು ಜಾರಿಯಾದ ಮೇಲೆ, ಇಂಗ್ಲಿಷ್ ಫಾರಂ ಮುಂದಿಟ್ಟು ‘ಇಲ್ಲಿ ಸಹಿ ಹಾಕಿ’ ಎಂದವರಿಗೆ, ಕನ್ನಡದ್ದು ಕೊಡಿ, ಓದಿ ಹಾಕುತ್ತೇನೆ ಎಂದು ಹೇಳಬಹುದು.